ಒಂದು ಸುತ್ತು ನೀರು

ಸಾವಿರದ ಒಂಬೈನೂರ ಐವತ್ತಮೂರರಲ್ಲಿ, ಆಸ್ಟ್ರೇಲಿಯಾದ ಬುರ್ರಂಡಿ ಎಂಬ ಊರಿನ ಮಾಜಿ ಯೋಧರ ಕ್ಲಬ್ಬು ಮೂರು ಸಭೆ ಸೇರಿ ಬಗೆಹರಿಸಿದ ಗಹನವಾದ ಪ್ರಶ್ನೆ ಇದು: ಮೂಲನಿವಾಸಿ ಯೋಧ ಹರ್ಬ್ ಕೊಂಬೊ ನಿಂತು ಕುಡಿಯಬೇಕೋ, ಕೂತು ಕುಡಿಯಬೇಕೋ? ವರ್ಷವಿಡೀ ಮೂಲನಿವಾಸಿಗಳಿಗೆ ಬಿಯರ್ ಕೊಡುವುದು ಅಪರಾಧ. ಯುದ್ಧಸ್ಮರಣೆಯ ದಿನವಾದ ಏಪ್ರಿಲ್ ಇಪ್ಪತ್ತೈದರಂದು ಮಾತ್ರ, ಯೋಧರ ಮೆರವಣಿಗೆ ಮುಗಿದ ಮೇಲೆ, ಸಂಜೆ ಆರರವರೆಗೆ ಹರ್ಬ್ ಎಲ್ಲರಿಗೂ ಒಡಹುಟ್ಟಿದವನು. ನಿಂತೇ ಕುಡಿಯಲಿ ಎಂದು ತೀರ್ಮಾನವಾಯಿತು. ಕುರ್ಚಿಯ ರೂಢಿ ಒಳ್ಳೆಯದಲ್ಲವಂತೆ.

ನಿಲ್ಲುವುದು ಹರ್ಬ್‌ಗೆ ಹೊಸದಲ್ಲ. ಯುದ್ಧ ಮುಗಿಸಿ ಬಂದಾಗಿನಿಂದ ತನ್ನ ಕೇರಿಗೊಂದು ನಲ್ಲಿ ಕೊಡಿ ಎಂದು ಪುರಸಭೆಯ ಕಿಟಕಿಯ ಮುಂದೆ ಎಂಟು ವರ್ಷ ನಿಂತಿದ್ದ. ಕೇರಿ ಕುಡಿಯುತ್ತಿದ್ದುದು ಕಸಾಯಿಖಾನೆಯ ಕೆಳಗಿನ ಹೊಳೆಯ ನೀರು. ಆ ಬೇಸಿಗೆಯಲ್ಲಿ ಎರಡು ಕೂಸುಗಳು ಭೇದಿಯಿಂದ ಹೋಗಿದ್ದವು.

"ಅವ್ರ ಜೊತೆ ಕುಡ್ಯಕ್ಕೆ ಹೊಂಟ್ಯಾ?" ಮೆರವಣಿಗೆಯ ದಿನ ಬೆಳಿಗ್ಗೆ ಪರ್ಲ್ ಅತ್ತೆ ಕೇಳಿದಳು.

"ಕೇಳಕ್ಕೆ ಹೋಗ್ತಿದೀನಿ, ಅತ್ತೆ."

"ಕೇಳು, ಕೇಳು. ಪದಕನೂ ತಿಕ್ಕಿದೀಯ, ಕೊಟ್ಟೇಬಿಡ್ತಾರೆ!"

ಕ್ಲಬ್ಬಿನಲ್ಲಿ ಸರದಿಯಂತೆ ಒಬ್ಬೊಬ್ಬನೂ ಬಳಗಕ್ಕೆಲ್ಲ ಒಂದು ಸುತ್ತು ಬಿಯರ್ ಕೊಡಿಸಬೇಕು. ಜಾರಿಕೊಂಡವನನ್ನು ಊರು ಸಾಯುವತನಕ ಆಡಿಕೊಳ್ಳುತ್ತಿತ್ತು. ನಾಲ್ಕು ಗಂಟೆಗೆ ಪುರಸಭೆಯ ಅಧ್ಯಕ್ಷ ಕೀತ್ ರಜ್‌ನ ಸರದಿ ಬಂತು. ಯುದ್ಧದ ವೇಳೆ ಆಫ್ರಿಕಾದ ಟೊಬ್ರೂಕ್ ಮರುಭೂಮಿಯಲ್ಲಿ ಇವನೂ ಹರ್ಬೂ ಒಂದೇ ಗುಂಡಿಯಲ್ಲಿ ಕೂತು ದಿನಕ್ಕೊಂದು ಬಾಟಲಿ ನೀರು ಹಂಚಿಕೊಂಡಿದ್ದರು. ಅದನ್ನು ನೆನೆದು ಕೀತ್‌ಗೆ ಅಳು ಬಂತು. ಪ್ರತಿವರ್ಷವೂ ಐದನೇ ಗ್ಲಾಸಿಗೆ ಬರುತ್ತಿತ್ತು.

"ಇವ್ನು ನನ್ನ ತಮ್ಮ ಕಣ್ರೋ! ಹೇಳೋ ಹರ್ಬ್, ಏನ್ ಬೇಕು? ಈ ಸುತ್ತು ನಂದು!"

"ನೀರು."

"ಥೂ, ಇವತ್ತಾದ್ರೂ ಬಿಯರ್ ಕುಡಿಯೋ ಮಾರಾಯ!"

"ನಂಗಲ್ಲ, ಕೇರಿಗೆ." ಹರ್ಬ್ ಜೇಬಿನಿಂದ ಅರ್ಜಿ ತೆಗೆದು ಮೇಜಿನ ಮೇಲೆ ಹಾಸಿದ. "ಒಂದು ನಲ್ಲಿ. ಸುತ್ತು ನಿಂದು ಅಂದ್ಯಲ್ಲ, ಅಣ್ಣ."

ಕೀತ್ ನಕ್ಕ. ಬೇರೆ ಯಾರೂ ನಗಲಿಲ್ಲ. "ಅದೂ... ಸೋಮವಾರ ಆಫೀಸಿಗೆ ಬಾ."

"ಅಯ್ಯಯ್ಯೋ, ಅಧ್ಯಕ್ಷರು ಜಾರ್ಕೊಂಡ್ರು!" ಹಿಂದಿನಿಂದ ಯಾರೋ ಕೂಗಿದ. "ಕೊಡ್ಸಕ್ಕಾಗ್ದಿದ್ರೆ ಮನೆಗ್ ಹೋಗಯ್ಯಾ!"

ಕೇರಿಯ ಬಾಯಾರಿಕೆಯ ಚಿಂತೆ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಆದರೆ ಕೂಸುಗಳ ಸಾವನ್ನು ಮರೆಯಬಲ್ಲ ಸಜ್ಜನರು ಸುತ್ತು ತಪ್ಪಿಸಿದವನನ್ನು ಕ್ಷಮಿಸಲಾರರು. ಕೀತ್ ಕಿವಿಯವರೆಗೂ ಕೆಂಪಾಗಿ ಸಹಿ ಹಾಕಿದ. ತಮ್ಮನ್ನೂ ಜಿಪುಣರೆಂದಾರು ಎಂದು ಹೆದರಿ, ಅಲ್ಲಿದ್ದ ಪುರಸಭೆಯ ಸದಸ್ಯರು ನಾಲ್ವರೂ ಹಾಕಿದರು.

ಜುಲೈನಲ್ಲಿ ಕೇರಿಗೆ ನಲ್ಲಿ ಬಂತು. ಹರ್ಬ್‌ನನ್ನು ಕ್ಲಬ್ಬು ಮತ್ತೆ ಕರೆಯಲಿಲ್ಲ.