ಅಪ್ಪಯ್ಯಣ್ಣನ ನಗು

ಕುಂದಾಣದ ಹತ್ತಿರದ ಆ ಊರಿನಲ್ಲಿ ಬೆಳಗಿನ ಹವೆಗೆ ಹೆಸರಿಡುವ ಹಕ್ಕು ಅಮ್ಮಯಮ್ಮನದು. ಯಾರೂ ಕೊಟ್ಟದ್ದಲ್ಲ, ಬಾಯಿಯ ಜೋರಿನಿಂದ ಬಂದದ್ದು. ಕೋಳಿ ಕೂಗುವ ಹೊತ್ತಿಗೆ ಬಾಗಿಲ ತುಂಬ ನಿಂತು, ಸೊಂಟಕ್ಕೆ ಕೈಯಿಟ್ಟು, ಆಕಾಶವನ್ನು ಕಳ್ಳನನ್ನು ನೋಡುವ ಹಾಗೆ ನೋಡಿ, ನಾಲ್ಕು ಮನೆಗೆ ಕೇಳುವಂತೆ ಹೇಳಿಬಿಡುತ್ತಿದ್ದಳು. ಮೂಗು ತಣ್ಣಗಾಗುವ ಮಂಜಾದರೆ ‘ಬೆಕ್ಕಿನ ಮೂತಿ’. ಬಂದು, ಇಣುಕಿ, ಯಾರಿಗೂ ಉಪಯೋಗವಾಗದೆ ಹೋಗುವ ಬಿಸಿಲಾದರೆ ‘ಅಮಲ್ದಾರರ ಸವಾರಿ’. ಹಿಡಿದರೆ ಬಿಡದ ಜಡಿಮಳೆಗೆ ಗೋಡೆಯಾಚೆಯ ಸೊಣ್ಣಮ್ಮನ ಹೆಸರು. ಸೊಣ್ಣಮ್ಮನೇ ಅದನ್ನು ಕೇಳಿ ನಗುತ್ತಿದ್ದಳು.

ನಗದೆ ಇದ್ದವಳು ಸೊಸೆ ಗಂಗಲಕ್ಷ್ಮಮ್ಮ ಒಬ್ಬಳೇ. ಗಾಳಿ ಸತ್ತು, ಆಕಾಶ ಬೆಳ್ಳಗೆ ಹಲ್ಲು ಕಿರಿದು, ಮಳೆಯ ಆಸೆ ತೋರಿಸುತ್ತ ಮೂರು ದಿನ ಹನಿಯೂ ಹಾಕದ ಕೆಟ್ಟ ಸೆಖೆಗೆ ಅಮ್ಮಯಮ್ಮ ಇಟ್ಟ ಹೆಸರು ‘ಅಪ್ಪಯ್ಯಣ್ಣನ ನಗು’. ಅಪ್ಪಯ್ಯಣ್ಣ ಗಂಗಲಕ್ಷ್ಮಮ್ಮನ ಅಪ್ಪ, ದೊಡ್ಡಬೆಳವಂಗಲದವನು. ಮದುವೆಯ ದಿನ ಬೀಗರನ್ನೆಲ್ಲ ನಗುನಗುತ್ತ ಕೂರಿಸಿದ. ಕೊನೆಯ ಪಂಕ್ತಿಯ ಹೊತ್ತಿಗೆ ಸಾರೂ ಇಲ್ಲ, ಪಾಯಸವೂ ಇಲ್ಲ, ಬರೀ ಅನ್ನ ಮಜ್ಜಿಗೆ. ಆ ಪಂಕ್ತಿಯಲ್ಲಿ ಅಮ್ಮಯಮ್ಮನ ಅಣ್ಣತಮ್ಮಂದಿರು ಕೂತಿದ್ದರು. ಅಪ್ಪಯ್ಯಣ್ಣ ಆಗಲೂ ನಗುತ್ತಲೇ ಇದ್ದ.

ನಾಲ್ಕು ವರ್ಷವಾಯಿತು. ಈಗ ಊರಿನ ಕುರಿ ಕಾಯುವವನೂ ಬೆವರು ಒರೆಸಿಕೊಂಡು, “ಥೂ, ಅಪ್ಪಯ್ಯಣ್ಣ ನಗ್ತಾವ್ನೆ” ಅನ್ನುತ್ತಾನೆ. ಅವನಿಗೆ ಅದು ಯಾರೋ ಮನುಷ್ಯನ ಹೆಸರೆಂದೂ ಗೊತ್ತಿಲ್ಲ. ಗಂಗಲಕ್ಷ್ಮಮ್ಮ ಮಾತ್ರ ಆ ಹೆಸರನ್ನು ಹವೆಗಾಗಿ ಒಂದು ಸಲವೂ ಬಾಯಲ್ಲಿ ತಂದವಳಲ್ಲ.

ಯುದ್ಧದ ಕಾಲ. ಪ್ಯಾರಾಚೂಟಿಗೆಂದು ಸರ್ಕಾರದವರು ರೇಷ್ಮೆಯನ್ನು ಬಾಚಿಕೊಳ್ಳುತ್ತಿದ್ದರು. ವಿಜಯಪುರದ ವ್ಯಾಪಾರಿಗಳು ರೇಷ್ಮೆಗೂಡು ಕೇಳಿಕೊಂಡು ಮನೆ ಬಾಗಿಲಿಗೇ ಬರುತ್ತಿದ್ದರು. ಆ ಭಾದ್ರಪದದಲ್ಲಿ ಮನೆಯ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆಯಿಂದ, ಎದ್ದು ಹಗಲು ರಾತ್ರಿ ಸೊಪ್ಪು ಮೇಯುತ್ತಿದ್ದವು. ಸೊಪ್ಪು ಬಿಡಿಸಿದವಳು, ಹೆಚ್ಚಿದವಳು, ತಟ್ಟೆ ಬಾಚಿದವಳು ಸೊಸೆ. ಆದರೆ ಕಿಟಕಿ ತೆರೆಯುವುದು, ಕೆಂಡದ ಬಾಂಡ್ಲಿ ಇಡುವುದು ಅತ್ತೆಯ ಮಾತು. ಮಗ ಪಿಳ್ಳಪ್ಪ ಅವ್ವನ ಬಾಯಿಂದ ಬಾರದೆ ಒಂದು ಗೋಣಿಚೀಲವನ್ನೂ ಸರಿಸುವವನಲ್ಲ.

ಅಂಥ ಹೊತ್ತಿನಲ್ಲೇ ಅಮ್ಮಯಮ್ಮನಿಗೆ ಕಣ್ಣುಬೇನೆ ಬಂತು. ನಂದಿಬಟ್ಟಲು ಹೂವಿನ ರಸ ಬಿಟ್ಟು, ಬಟ್ಟೆ ಕಟ್ಟಿಕೊಂಡು ನಡುಮನೆಯ ಕತ್ತಲೆಯಲ್ಲಿ ಮಲಗಿದಳು. ಎರಡು ದಿನ ಚಳಿಗಾಳಿ ಇತ್ತು. ಕಿಟಕಿಗೆ ಗೋಣಿ ಬಿಗಿದು ಕೆಂಡ ಇಟ್ಟಿದ್ದರು. ಮೂರನೆಯ ಬೆಳಗ್ಗೆ ಪಿಳ್ಳಪ್ಪ ಹೊಸ ಕೆಂಡ ತುಂಬಿಕೊಂಡು ಬಂದು ನಿಂತ.

“ಗಂಗೀ, ಆಚೆ ಹೆಂಗೈತೆ ನೋಡು,” ಎಂದಳು ಅತ್ತೆ.

ಗಂಗಲಕ್ಷ್ಮಮ್ಮ ಹೊರಗೆ ಹೋದಳು. ಹುಣಸೆ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆಕಾಶ ಬೆಳ್ಳಗೆ ನಗುತ್ತಿತ್ತು. ಒಳಗೆ ಬಂದಳು.

“ಸೆಖೆ.”

“ಸೆಖೆ ಅಂದ್ರೆ? ಸೆಖೇಲಿ ಜಾತಿ ಇಲ್ವಾ? ಪಾಪಯ್ಯನ ಎಮ್ಮೆಯೋ, ಇನ್ನೊಂದೋ?”

ಪಾಪಯ್ಯನ ಎಮ್ಮೆ ಅಂದರೆ ದಾರಿಗಡ್ಡ ಮಲಗಿ, ಮಧ್ಯಾಹ್ನಕ್ಕೆ ಎದ್ದು ಹೋಗುವ ಸೆಖೆ. ಹಿಂದೆಯೇ ಚಳಿಗಾಳಿ ಬರುತ್ತದೆ, ಕೆಂಡ ಬೇಕು. ಇನ್ನೊಂದಾದರೆ ಕೆಂಡ ಇಟ್ಟ ಕೋಣೆಯಲ್ಲಿ ಸಂಜೆಯೊಳಗೆ ಹುಳು ಕಪ್ಪಾಗಿ, ಮೆತ್ತಗಾಗಿ, ತಟ್ಟೆಗೆ ತಟ್ಟೆಯೇ ತಿಪ್ಪೆಗೆ.

“ಎಮ್ಮೆ ಅಲ್ಲ. ಇನ್ನೊಂದು.”

“ಯಾವ ಇನ್ನೊಂದು? ಅದಕ್ಕೊಂದು ಹೆಸರೈತೆ ಕಣೇ. ಊರೆಲ್ಲಾ ಅಂತದೆ. ನಿನ್ ನಾಲಿಗೆ ಏನ್ ಚಿನ್ನದ್ದಾ?” ಕಟ್ಟಿದ ಕಣ್ಣಿನ ಕೆಳಗೆ ಅಮ್ಮಯಮ್ಮನ ಬಾಯಿ ಸಣ್ಣಗೆ ಅರಳಿತು. “ಹೇಳು. ಹೇಳೋಗಂಟ ನಾನು ಏನೂ ಹೇಳಾಕಿಲ್ಲ. ಪಿಳ್ಳಾ, ಕೆಂಡ ಒಳಕ್ಕೆ ಇಡು.”

ಪಿಳ್ಳಪ್ಪ ಹೆಂಡತಿಯ ಮುಖ ನೋಡಿದ. “ಹೇಳ್ಬಿಡೇ ಅತ್ಲಾಗೆ. ಮಾತ್ ತಾನೇ?”

ಹುಳುಮನೆಯಿಂದ ಸೊಪ್ಪು ಮೇಯುವ ಸದ್ದು ಬರುತ್ತಿತ್ತು. ಇಪ್ಪತ್ತು ದಿನದಿಂದ ಬೆನ್ನು ನೆಟ್ಟಗೆ ಮಾಡದೆ ಸಾಕಿದ ಹುಳು. ಅವಳ ಕಣ್ಣಿಗೆ ಅಪ್ಪನ ಮುಖ ಬಂತು: ಖಾಲಿ ಪಾಯಸದ ಕೊಪ್ಪರಿಗೆಯ ಪಕ್ಕದಲ್ಲಿ, ಏನು ಮಾಡಬೇಕೆಂದು ತಿಳಿಯದೆ, ಎಲ್ಲರಿಗೂ ಕೈಮುಗಿದು ನಗುತ್ತ ನಿಂತ ಮುಖ. ಪಿಳ್ಳಪ್ಪ ಬಾಂಡ್ಲಿ ಹಿಡಿದು ಹೊಸ್ತಿಲು ದಾಟಲು ಕಾಲೆತ್ತಿದ.

“ಅತ್ತೇ,” ಎಂದಳು ಗಂಗಲಕ್ಷ್ಮಮ್ಮ. “ಆಚೆ ಹೆಂಗೈತೆ ಅಂದ್ರೆ, ನೀವು ಬಾಗ್ಲಲ್ಲಿ ನಿಂತಂಗೈತೆ. ಒಳಕ್ಕೂ ಬರಾಕಿಲ್ಲ, ಆಚೆಗೂ ಹೋಗಾಕಿಲ್ಲ. ಒಳಗಿರೋರ್ಗೆ ಉಸಿರಾಡೋಕೂ ಬಿಡಾಕಿಲ್ಲ. ಇನ್ ಮೂರು ದಿನ ಅಲ್ಲಾಡೋ ಹಂಗೂ ಕಾಣ್ಸಲ್ಲ.”

ಪಿಳ್ಳಪ್ಪನ ಎತ್ತಿದ ಕಾಲು ಎತ್ತಿದಂತೆಯೇ ಇತ್ತು.

ಅಮ್ಮಯಮ್ಮ ಎದ್ದು ಕೂತಳು. ಹವೆಯ ವಿಷಯದಲ್ಲಿ ಅವಳು ಊರಿಗೇ ಗುರು. ಇಷ್ಟು ಸರಿಯಾಗಿ ಹೇಳಿದ್ದನ್ನು ಅರ್ಥವಾಗಲಿಲ್ಲ ಅನ್ನುವಂತಿರಲಿಲ್ಲ. ಅರ್ಥವಾಯಿತು ಅಂದರೆ ಮಾತನ್ನು ಒಪ್ಪಿಕೊಂಡಂತೆ.

“ಪಿಳ್ಳಾ,” ಎಂದಳು ಕೊನೆಗೆ, ಕಲ್ಲು ಉಗುಳುವವಳ ಹಾಗೆ. “ಕೆಂಡ ಆಚೆಗಾಕು. ಗೋಣಿ ಕಿತ್ತು ಕಿಟಕಿ ತೆಗಿ. ಹುಳ ತೆಳ್ಳಗೆ ಹರಡಿ ಸುಣ್ಣದ ಪುಡಿ ಉದುರಿಸ್ರಿ. ಒದ್ದೆ ಸೊಪ್ಪು ಹಾಕಿದ್ರೆ ಕೈ ಮುರಿದೇನು.” ಆಮೇಲೆ ಸೊಸೆ ನಿಂತ ದಿಕ್ಕಿಗೆ ತಿರುಗಿ, “ಮುಂಡೇದೆ,” ಎಂದಳು.

ಸೆಖೆ ಮೂರು ದಿನ ಅಲ್ಲಾಡಲಿಲ್ಲ. ಕೆಂಡ ತೆಗೆಯದ ಗೋಪಾಲಪ್ಪನ ಮನೆಯ ಹುಳು ಪೂರಾ ತಿಪ್ಪೆ ಸೇರಿತು. ಇವರ ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿ ಏರಿತು. ಪಿಳ್ಳಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ; ಬಾವಿಕಟ್ಟೆಯಲ್ಲಿ ಹೇಳಿಬಿಟ್ಟ. ವಾರದೊಳಗೆ ಕುರಿ ಕಾಯುವವನು ಬೆವರು ಒರೆಸಿಕೊಂಡು, “ಥೂ, ಅಮ್ಮಯಮ್ಮ ಬಾಗ್ಲಲ್ಲಿ ನಿಂತವ್ಳೆ” ಅನ್ನತೊಡಗಿದ. ಹಳೆಯ ಹೆಸರು ಬಿದ್ದುಹೋಯಿತು.

ಕಣ್ಣು ವಾಸಿಯಾದ ದಿನ ಅಮ್ಮಯಮ್ಮ ಎಂದಿನಂತೆ ಬಾಗಿಲಿಗೆ ಬಂದಳು. ಗೋಡೆಯಾಚೆಯಿಂದ ಸೊಣ್ಣಮ್ಮ ಕೂಗಿದಳು: “ಏನಮ್ಮಯ್ಯಾ, ಇವತ್ತೂ ಬಾಗ್ಲಲ್ಲೇ ನಿಂತಿದ್ದೀಯಾ? ನಾವು ಬೀಸಣಿಗೆ ತಕ್ಕಳಾನಾ?”

ಹಿಂದೆ ಗಂಗಲಕ್ಷ್ಮಮ್ಮ ಹೊಸ ಹುಳುವಿನ ಸೊಪ್ಪಿಗೆ ಹೊರಟವಳು, ತಲೆಯ ಮೇಲೆ ಖಾಲಿ ಮಂಕರಿ ಇಟ್ಟುಕೊಂಡು ಕಾಯುತ್ತಿದ್ದಳು. ಈಗ ಅತ್ತೆ ಪಕ್ಕಕ್ಕೆ ಸರಿಯುತ್ತಾಳೆ ಅಂದುಕೊಂಡಳು. ಅಮ್ಮಯಮ್ಮ ಸರಿಯಲಿಲ್ಲ. ಎರಡೂ ಕೈಯನ್ನು ಚೌಕಟ್ಟಿನ ಎರಡೂ ಬದಿಗೆ ಊರಿದಳು.

“ಹೂಂ ಕಣೇ, ನಿಂತಿದ್ದೀನಿ. ಹೋಗಾಕಿಲ್ಲ.”

“ದಾರಿ ಬಿಡಿ ಅತ್ತೆ,” ಎಂದಳು ಸೊಸೆ.

“ಇವತ್ ಹೆಂಗೈತೆ ಹೇಳು. ಆಮೇಲೆ ದಾರಿ.”

“ನೀವು ಹಿಂಗೆ ಅಡ್ಡ ನಿಂತ್ರೆ ಆಕಾಶ ಎಲ್ ಕಾಣ್ತದೆ?”

“ಕಾಣ್ದೇನೇ ಹೇಳು. ಕಣ್ಣಿಗೆ ಬಟ್ಟೆ ಕಟ್ಕಂಡು ನಾನ್ ಹೇಳ್ಲಿಲ್ವಾ?”