ಪಿರೇರಾ ಮನೆತನದ ಹಬ್ಬ

"ಕತ್ತೆ ಮುಂಡೆ, ಸೊಪ್ಪಿನ ಮೇಲೆಲ್ಲ ರಕ್ತ ಮಾಡಿದೀಯಲ್ಲೇ! ಯಾರು ತಿಂತಾರೆ ಇದನ್ನ, ನಿಮ್ಮಪ್ಪನಾ?"

ಋಷಿ ಕ್ರೇಟನ್ನು ಒದ್ದ. ಅವನು ಬೆಂಗಳೂರಿನವನು, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಹೊರಗಿನ ಈ ಫಾರ್ಮಿನಲ್ಲಿ ಕೂಲಿಗಳ ಸೂಪರ್‌ವೈಸರ್. ಕತ್ರೀನ್ ಎಡಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಹಳಿಯಾಳದ ಕಾಡಂಚಿನ ಸಿದ್ದಿ ಕೇರಿಯಿಂದ ಆರು ತಿಂಗಳ ವೀಸಾದ ಮೇಲೆ ಸೊಪ್ಪು ಕೊಯ್ಯಲು ಬಂದವಳು. ಮೂರು ದಿನದ ಹಿಂದೆ ಕೊಯ್ಯುವ ಚಾಕು ಹೆಬ್ಬೆರಳ ಬುಡಕ್ಕೆ ಇಳಿದಿತ್ತು. ಈಗ ಗಾಯ ಮತ್ತೆ ಒಡೆದಿತ್ತು, ಅಂಗೈ ಬಾತುಕೊಂಡು ಬೆರಳು ಮಡಚಲು ಬರುತ್ತಿರಲಿಲ್ಲ.

"ಕೀವು ಆಗೇತ್ರಿ. ದವಾಖಾನಿಗೆ ಕಳಸ್ರಿ ಅಂತ ಮೂರು ದಿನದಿಂದ ಬಡ್ಕೊಳ್ಳಾಕತ್ತೇನಿ."

"ಹಬ್ಬ ಮುಗೀಲಿ ಅಂದಿದಾರೆ ಸಾಹೇಬ್ರು. ಆಸ್ಪತ್ರೇಲಿ ಯಾವ ಫಾರ್ಮು, ಗ್ಲೋವ್ಸ್ ಕೊಟ್ಟಿದ್ರಾ ಅಂತೆಲ್ಲ ಕೇಳ್ತಾರೆ. ಇನ್‌ಸ್ಪೆಕ್ಷನ್ ಬಂದ್ರೆ ನೀನು ಊರಿಗೆ, ನಾನು ಬೀದಿಗೆ. ಮುಂದಿನ ವರ್ಷ ವೀಸಾ ಬೇಕೋ ಬೇಡ್ವೋ?"

ಕೈಯೇ ಹೋದರೆ ವೀಸಾ ಇಟ್ಟುಕೊಂಡು ನೆಕ್ಕಬೇಕಾ ಎಂದು ನಾಲಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

ಸಾಹೇಬ ಎಂದರೆ ಟೋನಿ ಪಿರೇರಾ. ಅವನ ಅಜ್ಜ ಪೋರ್ಚುಗಲ್ಲಿನ ಮಡೀರಾ ದ್ವೀಪದಿಂದ ಬರಿಗೈಯಲ್ಲಿ ಬಂದು, ಯಾರದೋ ಹೊಲದಲ್ಲಿ ಆಲೂಗಡ್ಡೆ ಅಗೆದು, ದನದ ಕೊಟ್ಟಿಗೆಯಲ್ಲಿ ಮಲಗಿ ಈ ಜಮೀನು ಮಾಡಿದ್ದ. ಮೊಮ್ಮಗನಿಗೆ ಆ ಕೊಟ್ಟಿಗೆಯ ಕಥೆ ಬೇಡ, ಹಡಗಿನ ಕಥೆ ಬೇಕು! ಶೆಡ್ಡಿಗೆಲ್ಲ ಕೆಂಪು ಹಸಿರು ಬಣ್ಣ ಬಳಿಸಿ, ಗೋಡೆಯ ಮೇಲೆ ಪೋರ್ಚುಗಲ್ಲಿನ ಹಾಯಿಹಡಗುಗಳನ್ನು ಬರೆಸಿದ್ದ. ಬಾಯಿ ತೆರೆದರೆ ನಮ್ಮವರು ಸಮುದ್ರ ದಾಟಿದರು, ನಮ್ಮವರು ಇಂಡಿಯಾಕ್ಕೆ ಮೆಣಸಿನಕಾಯಿ ಕೊಟ್ಟರು. ವರ್ಷಕ್ಕೊಮ್ಮೆ ಜನರನ್ನು ಕರೆದು ಮನೆತನದ ಹಬ್ಬ ಮಾಡುತ್ತಿದ್ದ.

ಕತ್ರೀನ್ ಬಂದ ದಿನ ಪಾಸ್‌ಪೋರ್ಟ್ ಇಸಿದುಕೊಂಡವನು, ಅದರಲ್ಲಿ ಕತ್ರೀನ್ ಪಿರೇರಾ ಸಿದ್ದಿ ಎಂದಿದ್ದನ್ನು ನೋಡಿ ಅವಳನ್ನು ತಬ್ಬಿಕೊಂಡೇಬಿಟ್ಟಿದ್ದ. ಒಂದೇ ಹೆಸರು, ಒಂದೇ ಮನೆತನ ಎಂದು ಹೆಂಡತಿ ಮಕ್ಕಳನ್ನು ಕರೆದು ತೋರಿಸಿದ್ದ. ಆಮೇಲೆ ಪಾಸ್‌ಪೋರ್ಟನ್ನು ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದ.

ಆ ಹೆಸರು ಎಲ್ಲಿಂದ ಬಂತೆಂದು ಕತ್ರೀನಳಿಗೆ ಅಜ್ಜಿ ಹೇಳಿದ್ದಳು. ಗೋವೆಯ ಪಿರೇರಾ ಧಣಿ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದ ಅವರ ಹಿರಿಯನನ್ನು ಬಂದರಿನಲ್ಲಿ ಕೊಂಡು, ಪಾದ್ರಿಯಿಂದ ತಲೆಗೆ ನೀರು ಹಾಕಿಸಿ, ದನಕ್ಕೆ ಬರೆ ಎಳೆದಂತೆ ತನ್ನ ಹೆಸರು ಅಂಟಿಸಿದ್ದ. ಹಿರಿಯ ಒಂದು ಮಳೆಗಾಲ ಓಡಿಹೋಗಿ ಘಟ್ಟ ಹತ್ತಿ ಕಾಡು ಸೇರಿದ. ಅಜ್ಜಿ ಜಂಬ ಕೊಚ್ಚಿಕೊಳ್ಳುತ್ತಿದ್ದದ್ದು ಆ ಓಟದ ಬಗ್ಗೆ ಮಾತ್ರ.

ಭಾನುವಾರ ಹಬ್ಬ. ಋಷಿ ಒಂದು ಹುಲ್ಲಿನ ಲಂಗ ತಂದು ಅವಳ ಮುಂದೆ ಎಸೆದ.

"ಇದನ್ನ ಉಟ್ಕೊಂಡು ಒಂಚೂರು ಕುಣಿ. ಆಮೇಲೆ ಮೈಕಲ್ಲಿ ಥ್ಯಾಂಕ್ಸ್ ಹೇಳು."

"ನಮ್ಮ ಹೆಣ್ಮಕ್ಕಳು ಸೀರಿ ಉಟ್ಟು ಕುಣೀತಾರ. ಈ ಹುಲ್ಲು ನಿನ್ನ ಸಾಹೇಬಗ ತಿನ್ನಾಕ ಹಾಕು."

"ಉಟ್ರೆ ನಾಳೆ ಆಸ್ಪತ್ರೆ. ಇಲ್ದಿದ್ರೆ ಇಲ್ಲ."

ಕೈಗಾಗಿ ಉಟ್ಟಳು. ಪ್ಯಾಂಟಿನ ಮೇಲೆಯೇ ಕಟ್ಟಿಕೊಂಡಳು.

ಬಂದವರಲ್ಲಿ ಊರಿನ ಆಸ್ಪತ್ರೆಯ ಕನ್ನಡದ ಡಾಕ್ಟರುಗಳೂ ಇದ್ದರು. ಮುಂದಿನ ಮೇಜಿನಲ್ಲಿ ಡಾಕ್ಟರ್ ನೀರಜಾ ಮಗಳಿಗೆ ಕನ್ನಡದಲ್ಲಿ ಗದರುತ್ತಿದ್ದಳು. ಕತ್ರೀನ್ ಹತ್ತಿರ ಹೋಗಿ ಬಟ್ಟೆ ಸುತ್ತಿದ ಕೈ ಚಾಚಿದಳು.

"ಮೇಡಂ, ಇದನ್ನ ಒಂದೀಟು ನೋಡ್ರಿ. ಭಾಳ ಸಿಡಿಯಾಕತ್ತೈತಿ."

"ಇವತ್ತು ರಜ ಕಣಮ್ಮ. ನಿಮ್ಮ ಏರಿಯಾ ಡಾಕ್ಟರು, ಜಿಪಿ ಹತ್ರ ಹೋಗಿ. ಇಲ್ಲೆಲ್ಲ ಹಾಗೆ ನೋಡೋ ಹಾಗಿಲ್ಲ," ಎಂದು ನೀರಜಾ ತನ್ನ ತಟ್ಟೆಯನ್ನು ಆಚೆಗೆ ಸರಿಸಿಕೊಂಡಳು.

ಪಿರೇರಾ ವೇದಿಕೆಯಿಂದ ಅವಳ ಹೆಸರು ಕೂಗಿದ. ಕತ್ರೀನ್ ಹತ್ತಿದಳು, ನಾಲ್ಕು ಹೆಜ್ಜೆ ಕುಣಿದಳು. ಫೋನುಗಳು ಮೇಲೆದ್ದವು. ಪಿರೇರಾ ಅವಳ ಹೆಗಲ ಮೇಲೆ ಕೈ ಹಾಕಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡಿದ.

"ಅವರ ಹಿರಿಯರು ನಿಮ್ಮೋರಿಗೆ ದೇವರನ್ನ ಕೊಟ್ರಂತೆ, ಹೆಸರು ಕೊಟ್ರಂತೆ," ಋಷಿ ಪಿಸುಗುಟ್ಟಿ ಮೈಕನ್ನು ಅವಳ ಕೈಗಿತ್ತ. "ಥ್ಯಾಂಕ್ಸ್ ಹೇಳು."

ಕತ್ರೀನ್ ಮೈಕು ಹಿಡಿದಳು.

"ಇವರ ಹಿರೇರು ನಮಗ ಹೆಸರು ಕೊಟ್ಟಿಲ್ಲ. ಖರೀದಿ ಮಾಡಿ ಬರೆ ಹಾಕ್ಯಾರ. ನಾವು ಇವರಿಂದ ತಪ್ಪಿಸ್ಕೊಂಡು ಓಡಿದ ಮಂದಿ. ಈಗ ನನ್ನ ಕೈ ಕೊಳಿಯಾಕತ್ತೈತಿ, ಪಾಸ್‌ಪೋರ್ಟು ಈ ಸೂಳಿಮಗನ ಡ್ರಾಯರಿನ್ಯಾಗ ಐತಿ. ಕನ್ನಡ ಬಲ್ಲವರು ಕೇಳ್ರಿ."

ಋಷಿ ತಟ್ಟನೆ ಬಗ್ಗಿ ಮೈಕಿಗೆ ಬಾಯಿ ಹಚ್ಚಿ, ಇವಳು ಪಿರೇರಾ ಕುಟುಂಬಕ್ಕೆ ಋಣಿಯಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು. ಬಿಳಿಯರು ತಟ್ಟಿದರು, ಪಾಪ, ಅವರಿಗೇನು ಗೊತ್ತು. ಕನ್ನಡದ ಮೇಜುಗಳವರು ಒಬ್ಬರ ಮುಖ ಒಬ್ಬರು ನೋಡಿ, ತಾವೂ ತಟ್ಟಿದರು. ನೀರಜಾ ಕೂಡ ತಟ್ಟಿದಳು.

ಕತ್ರೀನ್ ಮೈಕು ಬಿಡದೆ ವೇದಿಕೆ ಇಳಿದಳು. ಹುಲ್ಲಿನ ಲಂಗ ಕಿತ್ತೆಸೆದಳು. ಕೈಗೆ ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಿ, ಬಾತ ಅಂಗೈಯನ್ನು ನೀರಜಾಳ ತಟ್ಟೆಯ ಪಕ್ಕ ಅಂಗಾತ ಇಟ್ಟಳು. ನಾತಕ್ಕೆ ಪಕ್ಕದವರು ಎದ್ದು ದೂರ ಸರಿದರು.

"ನಿಮಗ ಕನ್ನಡ ತಿಳೀತೈತಲ್ಲ, ಡಾಕ್ಟರಮ್ಮ. ಈ ಋಷಿ ಸುಳ್ಳು ಹೇಳಿದ, ಅದಕ್ಕ ಚಪ್ಪಾಳಿ ಬಿತ್ತು. ನಾ ಏನಂದೆ, ಈಗ ನೀವು ಇಂಗ್ಲಿಷಿನ್ಯಾಗ ಹೇಳ್ರಿ."

ಮೈಕನ್ನು ಅವಳ ಬಾಯಿಯ ಮುಂದೆ ಹಿಡಿದಳು. ಋಷಿ ಓಡಿಬಂದು ತೋಳು ಹಿಡಿದೆಳೆದ. ಕತ್ರೀನ್ ಕದಲಲಿಲ್ಲ. ಬಿಳಿ ಮೇಜುಬಟ್ಟೆಯ ಮೇಲೆ ಕೀವು ಹರಡುತ್ತಿತ್ತು. ವೇದಿಕೆಯ ಮೇಲೆ ಪಿರೇರಾ, ಏನಾಗುತ್ತಿದೆಯೆಂದು ತಿಳಿಯದೆ, ಇನ್ನೂ ನಗುತ್ತಲೇ ಇದ್ದ. ಸ್ಪೀಕರಿನಲ್ಲಿ ಡಾಕ್ಟರಮ್ಮನ ಉಸಿರಾಟ ಮಾತ್ರ ಕೇಳಿಸುತ್ತಿತ್ತು.