ಭಾನುವಾರದ ಮಾತ್ರೆ

ಭಾನುವಾರ ಬೆಳಿಗ್ಗೆ ಮಾತ್ರೆ ನುಂಗದವರಿಗೆ ತಿಂಡಿಯಿಲ್ಲ. ಇದು ಡಾಕ್ಟ್ರಮ್ಮನ ಕಾನೂನು. ಹನ್ನೆರಡು ಜನ ಹುಡುಗ ಹುಡುಗಿಯರು ತಟ್ಟೆ ಹಿಡಿದು ಸಾಲಾಗಿ ನಿಲ್ಲಬೇಕು, ಮಲೇರಿಯಾ ಬರದಿರಲೆಂದು ವಾರಕ್ಕೊಮ್ಮೆ ಕೊಡುವ ಬಿಳಿ ಮಾತ್ರೆಯನ್ನು ಅವಳ ಕಣ್ಣೆದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿಯಬೇಕು. ಅಷ್ಟಕ್ಕೇ ಬಿಡುವ ಹೆಂಗಸಲ್ಲ ಅವಳು. "ಬಾಯಿ ತೆಗಿ. ನಾಲಗೆ ಎತ್ತು. ಹ್ಞೂ, ಹೋಗು" ಎಂದು ಸಂತೆಯಲ್ಲಿ ದನದ ಹಲ್ಲು ನೋಡುವವರ ಹಾಗೆ ನೋಡಿ, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೇ ತಿಂಡಿ.

ಈ ಮಕ್ಕಳು ಸಮುದ್ರ ದಾಟಿ ಬಂದದ್ದು ಇಲ್ಲಿನ ಒಂದು ಊರಿಗೆ ನೀರಿನ ತೊಟ್ಟಿ ಕಟ್ಟಿಕೊಡಲು. ಉಳಿದುಕೊಂಡದ್ದು ರಜೆಗೆ ಮುಚ್ಚಿದ್ದ ಶಾಲೆಯಲ್ಲಿ, ಬೆಂಚು ಜೋಡಿಸಿ ಮಂಚ ಮಾಡಿಕೊಂಡು. ಮೂರು ತಿಂಗಳ ಕೆಲಸ. ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಡಾಕ್ಟ್ರಮ್ಮನಿಗೆ ಹನ್ನೆರಡು ಮಕ್ಕಳನ್ನು ಕಾಯುವುದೇನು ಮಹಾ ಎನಿಸಿತ್ತು. ಬಂದ ಮೇಲೆ ಗೊತ್ತಾಯಿತು, ಇದು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವ ಕೆಲಸ. ಒಬ್ಬ ಬರಿಗಾಲಲ್ಲಿ ಓಡಾಡುತ್ತಾನೆ, ಇನ್ನೊಬ್ಬಳು ಕುದಿಸದ ನೀರು ಕುಡಿಯುತ್ತಾಳೆ. ಅದಕ್ಕೇ ಅಷ್ಟು ಜೋರು. "ಮೊದಲು ನಾನು, ಆಮೇಲೆ ನೀವು" ಎಂದು ಪ್ರತಿ ಭಾನುವಾರ ಮೊದಲ ಮಾತ್ರೆಯನ್ನು ತಾನೇ ನುಂಗಿ ತೋರಿಸುತ್ತಿದ್ದಳು.

ತೋರಿಸುತ್ತಿದ್ದಳು, ಅಷ್ಟೇ. ಎರಡನೇ ವಾರದಿಂದ ನುಂಗುತ್ತಿರಲಿಲ್ಲ. ಆ ಮಾತ್ರೆ ಕೆಲವರಿಗೆ ಕೆಟ್ಟ ಕನಸು ತರುತ್ತದೆ. ಅವಳ ಕನಸಿನಲ್ಲಿ, ಅವಳ ಕೈಯಲ್ಲೇ ತೀರಿಕೊಂಡ ರೋಗಿಗಳೆಲ್ಲ ಆಸ್ಪತ್ರೆಯ ಚೀಟಿ ಹಿಡಿದು ಸಾಲಾಗಿ ಕೂತು, "ನಮ್ಮ ಸರದಿ ಯಾವಾಗಮ್ಮ?" ಎಂದು ಕೇಳುತ್ತಿದ್ದರು. ದಿನಕ್ಕೊಂದರಂತೆ ನುಂಗುವ ಬೇರೆ ಮಾತ್ರೆಯೂ ಪೆಟ್ಟಿಗೆಯಲ್ಲಿತ್ತು. ಆದರೆ ಅದನ್ನು ತಾನು ತೆಗೆದುಕೊಂಡರೆ ಮಕ್ಕಳೆಲ್ಲ ತಮಗೂ ಅದೇ ಬೇಕೆನ್ನುತ್ತಾರೆ, ಅಷ್ಟು ಎಲ್ಲಿದೆ? ಸೊಳ್ಳೆಪರದೆ ಇದೆ, ತುಂಬು ತೋಳಿನ ಅಂಗಿ ಇದೆ, ಐವತ್ತನಾಲ್ಕರ ಈ ಒಣ ಮೈಯನ್ನು ಯಾವ ಸೊಳ್ಳೆ ಕಚ್ಚೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾತ್ರೆ ಬೆರಳ ಸಂದಿಯಿಂದ ಬಿಳಿ ಕೋಟಿನ ಜೇಬಿಗೆ ಜಾರುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ!

ಏಳನೇ ವಾರದ ಗುರುವಾರ, ಮಾತಿನಮಲ್ಲಿ ಮಾತು ನಿಲ್ಲಿಸಿದಳು.

ಹತ್ತೊಂಬತ್ತರ ಹುಡುಗಿ, ಇಟ್ಟಿಗೆ ಹೊರುವಾಗಲೂ ಬಾಯಿಗೆ ಬಿಡುವಿಲ್ಲ. ನಿಜವಾದ ಹೆಸರು ಹಿಡಿದು ಕರೆಯುವುದನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಅಂಥವಳು ಅಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈ ಕೆಂಡ. ಡಾಕ್ಟ್ರಮ್ಮ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದಳು. ಪರೀಕ್ಷೆಯ ಪಟ್ಟಿಯ ಮೇಲೆ ಒಂದೇ ಗೆರೆ, ಮಲೇರಿಯಾ ಇಲ್ಲ. ಮೊದಲ ದಿನ ಆ ಪಟ್ಟಿ ಸುಳ್ಳು ಹೇಳುವುದುಂಟೆಂದು ಅವಳಿಗೆ ಗೊತ್ತು. ಮರುದಿನ ಮತ್ತೆ ನೋಡಬೇಕೆಂದೂ ಗೊತ್ತು. ಆದರೆ ಹಲಗೆಯ ಮೇಲೆ ಹುಡುಗಿಯ ಹೆಸರಿನ ಮುಂದೆ ಒಂದು ವಾರವೂ ತಪ್ಪದೆ ಗುರುತು ಇತ್ತಲ್ಲ! ಬಿಸಿಲಿಗೆ ಬಂದ ಜ್ವರ ಎಂದುಕೊಂಡು ಶುಕ್ರವಾರವನ್ನು ಕಳೆದುಬಿಟ್ಟಳು.

ಶನಿವಾರ ಬೆಳಿಗ್ಗೆ ಹುಡುಗಿಯ ಕಣ್ಣು ಹಳದಿಯಾಗಿತ್ತು. ಪಟ್ಟಿಯ ಮೇಲೆ ಎರಡು ಗೆರೆ ಎದ್ದು ಕಂಡವು. ಡಾಕ್ಟ್ರಮ್ಮ ಔಷಧಿ ಪೆಟ್ಟಿಗೆ ತೆಗೆದಳು. ಇಂಜೆಕ್ಷನ್ ಕೊಟ್ಟು, ಪಕ್ಕದಲ್ಲಿ ಕೂತಳು.

"ನಿಜ ಹೇಳು ಪುಟ್ಟಾ. ಮಾತ್ರೆ ತಪ್ಪಿಸಿದ್ಯಾ?"

"ನಾಲ್ಕು ವಾರ ಆಯ್ತು."

"ನಾಲಗೆ ಎತ್ತಿಸಿ ನೋಡ್ತಿದ್ನಲ್ಲೇ!"

"ನಾಲಗೆ ನೋಡ್ತಿದ್ರಿ. ಕೈ ನೋಡ್ತಿರಲಿಲ್ಲ." ಹುಡುಗಿ ಒಣ ತುಟಿ ಸವರಿಕೊಂಡಳು. "ಬಟ್ಟೆ ಒಗೆಯೋ ಸರದಿ ನಂದಿತ್ತು. ನಿಮ್ಮ ಕೋಟಿನ ಜೇಬಲ್ಲಿ ಮಾತ್ರೆ ಸಿಕ್ತು. ಮುಂದಿನ ಭಾನುವಾರ ನಿಮ್ಮ ಕೈನೇ ನೋಡ್ತಾ ನಿಂತೆ. ಹೇಗೆ ಮಾಡೋದು ಅಂತ ಗೊತ್ತಾಯ್ತು. ಡಾಕ್ಟ್ರೇ ತಗೊಳ್ಳಲ್ಲ ಅಂದ್ರೆ ಅದರಲ್ಲಿ ಏನೋ ಇದೆ ಅಂದ್ಕೊಂಡೆ. ನನಗೂ ಕನಸಿನ ಕಾಟ ತಡೆಯೋಕಾಗ್ತಿರಲಿಲ್ಲ."

ಡಾಕ್ಟ್ರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಬೈಬೇಡಿ. ನಿಮ್ಮ ವಿಷಯ ಯಾರಿಗೂ ಹೇಳಿಲ್ಲ. ಅಲ್ಲ... ಹೇಳ್ದೆ. ಕೆಲವರಿಗೆ."

"ಯಾರಿಗೆ? ಯಾರ್ಯಾರಿಗೆ ಹೇಳ್ದೆ?"

ಹುಡುಗಿ ಅವಳನ್ನೇ ದಿಟ್ಟಿಸಿ, "ಅಮ್ಮಾ, ಸ್ಕೂಲ್ ಬಸ್ಸು ಹೋಯ್ತಾ?" ಎಂದು ಕೇಳಿದಳು. ಆಮೇಲೆ ಆಡಿದ್ದೆಲ್ಲ ಬರೀ ಬಡಬಡಿಕೆ.

ಮಧ್ಯಾಹ್ನ ಪಟ್ಟಣದ ಆಸ್ಪತ್ರೆಯಿಂದ ನರ್ಸ್ ಸಮೇತ ಆಂಬುಲೆನ್ಸ್ ಬಂತು. ಜೊತೆಗೆ ಹೋಗಲು ಡಾಕ್ಟ್ರಮ್ಮನ ಜೀವ ಹಾತೊರೆಯಿತು. ಆದರೆ ಇಲ್ಲಿ ಉಳಿದ ಹನ್ನೊಂದರಲ್ಲಿ ಯಾರ ಮೈಯಲ್ಲಿ ಏನು ಕೂತಿದೆಯೋ? ರೋಗಿಯ ಜೊತೆ ಹೋಗಬೇಕಾದ ಕಾಗದ ಬರೆಯಲು ಕೂತಾಗ ಲೀಡರ್ ಬಾಗಿಲಲ್ಲಿ ನಿಂತ. ತಂಡದ ಜವಾಬ್ದಾರಿ ಅವನದು, ಮಕ್ಕಳಿಗೆಲ್ಲ ಲೀಡರ್ ಅಣ್ಣ. ಹುಡುಗಿ ಮಾತ್ರೆ ಬಿಟ್ಟದ್ದನ್ನಷ್ಟೇ ಡಾಕ್ಟ್ರಮ್ಮ ಅವನಿಗೆ ಹೇಳಿದ್ದಳು.

"ಹಲಗೆ ಮೇಲೆ ಗುರುತೆಲ್ಲ ಸರಿಯಾಗಿದೆ ಡಾಕ್ಟ್ರೇ. ಅವಳೇ ಕದ್ದುಮುಚ್ಚಿ ಮಾತ್ರೆ ನಿಲ್ಲಿಸಿದಳು ಅಂತ ಬರೆದುಬಿಡಿ. ನಾಳೆ ಯಾರೂ ನಮ್ಮ ಕಡೆ ಬೆರಳು ತೋರಿಸೋ ಹಾಗಿರಲ್ಲ. ಸುಳ್ಳೇನಲ್ವಲ್ಲ?"

ಸುಳ್ಳಲ್ಲ. ಕಷ್ಟವಿದ್ದದ್ದೇ ಅಲ್ಲಿ. 'ರೋಗಿ ನಾಲ್ಕು ವಾರದಿಂದ ತಾನಾಗಿಯೇ ಮಾತ್ರೆ ನಿಲ್ಲಿಸಿದ್ದಾಳೆ' ಎಂದು ಬರೆದು ರುಜು ಹಾಕಿ ಕೊಟ್ಟುಬಿಟ್ಟಳು. ಗಾಡಿ ಹೊರಟಿತು.

ಸಂಜೆ ಹನ್ನೊಂದು ಜನರನ್ನೂ ಕೂರಿಸಿ ಕೇಳಿದಳು. "ಮಾತ್ರೆ ಬಿಟ್ಟೋರು ಯಾರಾದ್ರೂ ಇದ್ದೀರಾ?" ಹನ್ನೊಂದು ತಲೆಗಳೂ ಇಲ್ಲವೆಂದು ಆಡಿದವು. ಬಿಟ್ಟವರನ್ನು ಮನೆಗೆ ವಾಪಸು ಕಳಿಸುವುದೆಂದು ಮೊದಲ ದಿನವೇ ಗುಡುಗಿದ್ದವಳು ಅವಳೇ. ಯಾರು ತಾನೇ ಬಾಯಿ ಬಿಟ್ಟಾರು? ಹನ್ನೊಂದು ಬೆರಳು ಚುಚ್ಚಲು ಪೆಟ್ಟಿಗೆಯಲ್ಲಿ ಉಳಿದಿದ್ದವು ನಾಲ್ಕು ಪಟ್ಟಿ. ಚುಚ್ಚಿದರೂ, ಅದು ಸುಳ್ಳು ಹೇಳಿದರೆ?

ಭಾನುವಾರ ಬೆಳಿಗ್ಗೆ ಮಕ್ಕಳು ತಟ್ಟೆ ಹಿಡಿದು ನಿಂತರು. ಡಾಕ್ಟ್ರಮ್ಮ ಹಲಗೆಯ ಹತ್ತಿರ ಹೋಗಿ ಏಳು ವಾರದ ಗುರುತುಗಳನ್ನೆಲ್ಲ ಬಟ್ಟೆಯಿಂದ ಒರೆಸಿದಳು. ಅಡುಗೆಯವನು ಸೌಟು ಹಿಡಿದು ನಿಂತಲ್ಲೇ ನಿಂತ.

"ಕೇಳಿ," ಎಂದಳು. "ಎರಡನೇ ವಾರದಿಂದ ನಾನು ಮಾತ್ರೆ ನುಂಗಿಲ್ಲ. ನಿಮ್ಮೆದುರು ನಾಟಕ ಆಡಿದೆ. ಕೆಟ್ಟ ಕನಸು ಬೀಳ್ತಿತ್ತು, ಹೆದರಿದೆ. ಆ ಹುಡುಗಿ ನನ್ನನ್ನ ನೋಡಿ ಮಾತ್ರೆ ಬಿಟ್ಟಳು. ತಪ್ಪು ಅವಳದಲ್ಲ, ನಂದು. ಮನೆಗೆ ಹೋಗೋದು ಅಂತಾದ್ರೆ ಮೊದಲು ನಾನು ಹೋಗ್ತೀನಿ. ಈಗ ಹೇಳಿ, ಇನ್ನು ಯಾರು ಬಿಟ್ಟಿದ್ದೀರಾ?"

ಲೀಡರ್ ಬಾಯಿ ತೆರೆದು ಮುಚ್ಚಿದ. ಕೊನೆಗೆ, ತೆಳ್ಳಗೆ ಉದ್ದಕ್ಕಿದ್ದು ಎಲ್ಲರಿಂದಲೂ ಕಡ್ಡಿ ಎನಿಸಿಕೊಂಡಿದ್ದವನು ತಟ್ಟೆ ಕೆಳಗಿಟ್ಟು ಕೈ ಎತ್ತಿದ. ಆಮೇಲೆ ಅಡುಗೆಮನೆ ಬಾಗಿಲ ಬಳಿಯಿದ್ದ ಇಬ್ಬರು ಹುಡುಗಿಯರು. ಆಮೇಲೆ ಇನ್ನೊಬ್ಬ, ಅಳುತ್ತಾ, "ನಿನ್ನೆಯಿಂದ ಚಳಿ ಆಗ್ತಿದೆ ಡಾಕ್ಟ್ರಮ್ಮ" ಎಂದ.

ಕೈ ಎತ್ತಿದವರು ನಾಲ್ವರು, ಪಟ್ಟಿ ನಾಲ್ಕು. ಚಳಿಯೆಂದವನ ಪಟ್ಟಿಯಲ್ಲಿ ಎರಡು ಗೆರೆ. ಅವನಿಗೆ ಆಗಲೇ ಔಷಧಿ ಶುರು ಮಾಡಿದಳು. ಕನಸಿನ ಕಾಟವಿದ್ದವರಿಗೆ ದಿನಾ ನುಂಗುವ ಮಾತ್ರೆ ಹಂಚಿ, ತಾನೂ ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

ಕಡ್ಡಿ ಅಲ್ಲೇ ನಿಂತಿದ್ದ. "ನಾಲಗೆ ಎತ್ತಿ" ಎಂದ. ಎತ್ತಿದಳು. "ಕೈನೂ ತೋರಿಸಿ." ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಯಾರೂ ನಗಲಿಲ್ಲ.

ಅಷ್ಟರಲ್ಲಿ ಲೀಡರ್ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. "ಮಾತಿನಮಲ್ಲಿ ತಾಯಿ," ಎಂದು ಪಿಸುಗುಟ್ಟಿ, ಇವಳ ಕೈಗೆ ಕೊಟ್ಟ.

"ಆಸ್ಪತ್ರೆಯವರು ಇನ್ನೂ ಏನೂ ಹೇಳೋಕಾಗಲ್ಲ ಅಂತಿದ್ದಾರೆ," ಎಂದಿತು ದೂರದ ದನಿ. "ಕಾಗದದಲ್ಲಿ ಅವಳೇ ಮಾತ್ರೆ ಬಿಟ್ಟಳು ಅಂತ ಇದೆಯಂತೆ. ಮೊದಲಿಂದಲೂ ಹಟಮಾರಿ, ನಿಮಗೆಷ್ಟು ತೊಂದರೆ ಕೊಟ್ಟಳೋ ಏನೋ. 'ನಮ್ಮ ಡಾಕ್ಟ್ರಮ್ಮ ನಿನಗಿಂತ ಜೋರು, ಮೊದಲು ತಾನು ನುಂಗಿ ಆಮೇಲೆ ನಮಗೆ ನುಂಗಿಸ್ತಾರೆ' ಅಂತ ಫೋನಲ್ಲಿ ಹೇಳ್ತಿದ್ದಳು. ಆ ಧೈರ್ಯದ ಮೇಲೇ ಇದ್ದೆ. ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಮ್ಮ."

ಮಾತ್ರೆಯ ಕಹಿ ಇನ್ನೂ ಗಂಟಲಲ್ಲಿತ್ತು. ಡಾಕ್ಟ್ರಮ್ಮ ಬೆಂಚಿನ ಮೇಲೆ ಕುಸಿದು ಕೂತಳು.

"ನೀವು ಕೇಳಬೇಡಿ ತಾಯಿ," ಎಂದಳು. "ಆ ಕಾಗದ ಬರೆದವಳು ನಾನು. ಅದರಲ್ಲಿ ನನ್ನ ವಿಷಯ ಬರೆದಿಲ್ಲ. ಈಗ ಹೇಳ್ತೀನಿ, ಕೇಳಿ."